ಪಾಲ್ಪಾದ ಗುಡ್ಡದ ಮೇಲೆ: ತಾನ್ಸೇನ್‌ನಲ್ಲಿ ಕಳೆದ ದಿನಗಳು

ಗುರುವಾರ: ತಿನಾವು ಹೊಳೆಯ ಕಮರಿಯಲ್ಲಿ

ನೇಪಾಳದ ಬುಟ್ವಲ್ ಪೇಟೆ ದಾಟುತ್ತಿದ್ದಂತೆ ತೆರಾಯಿಯ ಬಯಲು ತಟಕ್ಕನೆ ಮುಗಿದುಹೋಗುತ್ತದೆ. ಕೊಯ್ಲಾದ ಭತ್ತದ ಗದ್ದೆ, ರಿಕ್ಷಾಗಳ ಗದ್ದಲ, ಧೂಳು ಎಲ್ಲ ಹಿಂದೆ ಉಳಿದು ಬಸ್ಸು ತಿನಾವು ಹೊಳೆಯ ಕಮರಿಯೊಳಗೆ ನುಗ್ಗುತ್ತದೆ. ಗಾಳಿಯಲ್ಲಿ ತಂಪು, ಮೇಲೆ ಬಂಡೆ, ಕೆಳಗೆ ನೀರಿನ ಸದ್ದು.

ಗೋರಖ್‌ಪುರದಿಂದ ಸೋನೌಲಿ ಗಡಿ ದಾಟಿ ಲುಂಬಿನಿ ನೋಡಿಕೊಂಡು ಬಂದಿದ್ದೆವು. ಲುಂಬಿನಿಗೆ ಬಂದವರು ಹೆಚ್ಚಾಗಿ ಅಲ್ಲಿಂದ ಪೋಖರಾಕ್ಕೋ ಕಠ್ಮಂಡುವಿಗೋ ನೇರ ಹೋಗಿಬಿಡುತ್ತಾರೆ. ನಾವು ನಡುವೆ ಸಿಗುವ ತಾನ್ಸೇನ್‌ನಲ್ಲೇ ಇಳಿದು ಉಳಿಯಬೇಕೆಂದು ಹೊರಟವರು. ಪಾಲ್ಪಾ ಜಿಲ್ಲೆಯ ಈ ಊರು ಸಮುದ್ರಮಟ್ಟದಿಂದ ಸುಮಾರು 1,350 ಮೀಟರ್ ಎತ್ತರದ ಇಳಿಜಾರಿನಲ್ಲಿದೆ. ಹಿಂದೆ ಸೇನ ವಂಶದ ರಾಜರ ರಾಜಧಾನಿಯಾಗಿತ್ತು. ನಾನು ಸಕಲೇಶಪುರ ಕಡೆಯ ಕಾಫಿ ಬೆಳೆಗಾರ. ನನ್ನಾಕೆ ಒಂದು ಅವಧಿ ಗ್ರಾಮ ಪಂಚಾಯಿತಿ ಸದಸ್ಯೆಯಾಗಿದ್ದವಳು. ಒಂದು ಗುಡ್ಡದ ಊರು ತನ್ನನ್ನು ತಾನು ಹೇಗೆ ನಡೆಸಿಕೊಂಡು ಹೋಗುತ್ತದೆ ಎಂದು ಸಮಾಧಾನವಾಗಿ ನೋಡುವ ಆಸೆ ಇಬ್ಬರಿಗೂ ಇತ್ತು.

ಬುಟ್ವಲ್‌ನಿಂದ ತಾನ್ಸೇನ್‌ಗೆ ನಲವತ್ತು ಕಿಲೋಮೀಟರ್ ಹತ್ತಿರ. ಅದರಲ್ಲಿ ಸಿದ್ಧಬಾಬಾ ಗುಡಿಯ ಆಸುಪಾಸಿನ ತುಂಡು ರಸ್ತೆಯದೇ ಎಲ್ಲರ ಮಾತು. ಮಳೆಗಾಲದಲ್ಲಿ ನಮ್ಮ ಶಿರಾಡಿ ಘಾಟಿಯ ಸುದ್ದಿ ಬಂದಂತೆ ಇಲ್ಲಿಂದಲೂ ಗುಡ್ಡ ಜರಿದ ಸುದ್ದಿ ಬರುತ್ತಲೇ ಇರುತ್ತದೆ. ಬಂಡೆ ಉರುಳುವ ಜಾಗ ತಪ್ಪಿಸಲು ಒಂದು ಕಿಲೋಮೀಟರಿಗೂ ಉದ್ದದ ಸುರಂಗ ಕೊರೆಯುತ್ತಿದ್ದರು. ಗುಡಿ ಬಂದಾಗ ಬಸ್ಸಿನಲ್ಲಿದ್ದವರೆಲ್ಲ ಕೈ ಮುಗಿದರು. ಮುಂದೆ ಸ್ವಲ್ಪ ದೂರದಲ್ಲೇ ಬಸ್ಸು ನಿಂತಿತು. ಮೇಲಿನಿಂದ ಕಲ್ಲುಮಣ್ಣು ಬಿದ್ದಿದೆ, ಜೆಸಿಬಿ ಎತ್ತುತ್ತಿದೆ ಎಂದರು. ಯಾರೂ ಸಿಡಿಮಿಡಿಗೊಳ್ಳಲಿಲ್ಲ. ಹಿಂದಿನ ಸೀಟಿನ ಹೆಂಗಸು ಚೀಲದಿಂದ ಕಿತ್ತಳೆ ತೆಗೆದು ಸುತ್ತಲಿದ್ದವರಿಗೆಲ್ಲ ಹಂಚಿದರು. ನೇಪಾಳಿ ಪಂಚಾಂಗದ ಮಂಗ್ಸಿರ್ ತಿಂಗಳು, ಕಿತ್ತಳೆಯ ಸುಗ್ಗಿ.

ನಾವಿಬ್ಬರೂ ಮಾತಾಡುತ್ತಿದ್ದುದನ್ನು ಕೇಳಿ ಪಕ್ಕದ ಸಾಲಿನ ಹುಡುಗ ಥಟ್ಟನೆ ತಿರುಗಿ, "ಸಾರ್, ಕರ್ನಾಟಕಾನಾ?" ಅಂದ. ಬೆಂಗಳೂರಿನ ಒಂದು ಬೇಕರಿಯಲ್ಲಿ ಕೆಲಸ ಮಾಡುತ್ತಿದ್ದವನು. ಕನ್ನಡ ಸಲೀಸಾಗಿ ಬರುತ್ತಿತ್ತು. ಅಮ್ಮನಿಗೆ ಪಿತ್ತಕೋಶದ ಕಲ್ಲು, ತಾನ್ಸೇನ್ ಆಸ್ಪತ್ರೆಗೆ ಸೇರಿಸಿದ್ದಾರೆ, ರಜೆ ಹಾಕಿ ಬಂದೆ ಎಂದ. "ನಮ್ಮೂರಿನ ಹುಡುಗರು ಯಾರೂ ಊರಲ್ಲಿ ಇಲ್ಲ ಅಮ್ಮಾ. ಕತಾರ್, ಮಲೇಶಿಯಾ, ಇಲ್ಲಾಂದ್ರೆ ಬೆಂಗಳೂರು" ಎಂದು ನನ್ನಾಕೆಗೆ ಹೇಳಿದ. ರಸ್ತೆ ತೆರೆದುಕೊಳ್ಳುವಷ್ಟರಲ್ಲಿ ಅವನ ಮನೆಯ ಕಥೆ ನಮಗೂ ನಮ್ಮ ತೋಟದ ಕಥೆ ಅವನಿಗೂ ಗೊತ್ತಾಗಿತ್ತು.

ಬರ್ತುಂಗ್ ಎಂಬಲ್ಲಿ ಹೆದ್ದಾರಿ ಬಿಟ್ಟು ಊರಿನ ಕಡೆ ಏರಬೇಕು. ಬಸ್ ನಿಲ್ದಾಣ ಊರಿನ ಕೆಳತುದಿಯಲ್ಲಿದೆ. ಅಲ್ಲಿಂದ ಪೇಟೆಗೆ ಕಲ್ಲು ಹಾಸಿದ ಕಡಿದಾದ ಬೀದಿಗಳನ್ನು ಹತ್ತಬೇಕಾದ್ದರಿಂದ ಗಾಲಿಯ ಸೂಟ್‌ಕೇಸಿಗಿಂತ ಬೆನ್ನಿಗೆ ಹಾಕುವ ಚೀಲವೇ ವಾಸಿ. ನಮ್ಮ 100 ರೂಪಾಯಿಗೆ ಅವರ 160 ರೂಪಾಯಿ. 1993ರಿಂದ ಇದೇ ದರ. ನೂರರ ನೋಟನ್ನು ಸಣ್ಣ ಅಂಗಡಿಯವರೂ ಲೆಕ್ಕ ಮಾಡಿ ತೆಗೆದುಕೊಳ್ಳುತ್ತಿದ್ದರು.

ರಾತ್ರಿ ಲಾಡ್ಜಿನ ದೀದಿ ಅನ್ನ, ಬೇಳೆ, ಸಾಸಿವೆ ಸೊಪ್ಪಿನ ಪಲ್ಯದ ಜೊತೆ ಚುಕೌನಿ ಬಡಿಸಿದರು. ಬೇಯಿಸಿದ ಆಲೂಗಡ್ಡೆ, ಹಸಿ ಈರುಳ್ಳಿ, ಗಟ್ಟಿ ಮೊಸರು, ಮೇಲಿನಿಂದ ಮೆಂತ್ಯ ಅರಿಸಿನದ ಒಗ್ಗರಣೆ. ಪಾಲ್ಪಾದ ಹೆಸರಾದ ತಿನಿಸು ಇದು. ನನ್ನಾಕೆ ಎರಡು ಸಲ ಬಡಿಸಿಕೊಂಡಳು, ಮೂರನೆಯದನ್ನು ದೀದಿ ಕೇಳದೆಯೇ ಹಾಕಿದರು.

ಶುಕ್ರವಾರ: ಮಂಜಿನ ಮೇಲೆ, ಕಚೇರಿಯ ಒಳಗೆ

ಬೆಳಿಗ್ಗೆ ಆರಕ್ಕೆ ಶ್ರೀನಗರ ಡಾಂಡಾ ಎಂಬ ಗುಡ್ಡ ಹತ್ತಿರಿ ಎಂದು ದೀದಿ ಹೇಳಿದ್ದರು. ಪೈನ್ ಮರಗಳ ನಡುವೆ ಅರ್ಧ ಗಂಟೆಯ ಏರು. ಬೆಳಕು ಹರಿದಾಗ ದಕ್ಷಿಣದ ಮಾಡಿ ಕಣಿವೆ ಇಡೀ ಮಂಜಿನಲ್ಲಿ ಮುಳುಗಿತ್ತು. ಅಂಚಿನಿಂದ ಅಂಚಿಗೆ ಸಮತಟ್ಟಾದ ಬಿಳುಪು, ನಡುವೆ ಅಲ್ಲಲ್ಲಿ ಗುಡ್ಡದ ತಲೆಗಳು ಮಾತ್ರ. ಉತ್ತರಕ್ಕೆ ತಿರುಗಿದರೆ ಧವಳಗಿರಿ, ಅನ್ನಪೂರ್ಣ, ಮಚ್ಛಾಪುಚ್ಛ್ರೆ ಶಿಖರಗಳು. ಎರಡು ದಿಕ್ಕಿಗೂ ಇಷ್ಟು ಕೊಡುವ ಇನ್ನೊಂದು ಗುಡ್ಡ ನಾನು ನೋಡಿಲ್ಲ. ಮಂಜು ಕಟ್ಟುವುದು ಚಳಿಗಾಲದ ಬೆಳಿಗ್ಗೆಗಳಲ್ಲಿ, ಒಂಬತ್ತರ ಮೇಲೆ ಕರಗತೊಡಗುತ್ತದೆ. ಇದಕ್ಕಾಗಿಯೇ ಬರುವವರು ನವೆಂಬರ್ ಕೊನೆಯಿಂದ ಫೆಬ್ರವರಿಯೊಳಗೆ ಬರಬೇಕು.

ಇಳಿಯುವಾಗ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತ ಹೆಂಗಸರು ಎದುರಾದರು. ನೇಪಾಳದಲ್ಲಿ 1993ರ ಅರಣ್ಯ ಕಾಯ್ದೆ ಬಂದ ಮೇಲೆ ಕಾಡನ್ನು ನೋಡಿಕೊಳ್ಳುವ ಹಕ್ಕನ್ನು ಹಳ್ಳಿಯ ಬಳಕೆದಾರರ ಗುಂಪುಗಳಿಗೇ ಕೊಡುತ್ತ ಬಂದರು. ಈಗ ದೇಶದಲ್ಲಿ 22 ಸಾವಿರಕ್ಕೂ ಹೆಚ್ಚು ಗುಂಪುಗಳಿವೆ. ಹುಲ್ಲು ಯಾವಾಗ ಕೊಯ್ಯಬೇಕು, ಒಣ ಸೌದೆ ಯಾವ ತಿಂಗಳು ತರಬೇಕು, ದಂಡ ಎಷ್ಟು ಎಂಬುದನ್ನೆಲ್ಲ ಗುಂಪೇ ಕೂತು ಗೊತ್ತುಮಾಡುತ್ತದೆ. ಬೋಳಾಗಿದ್ದ ನೇಪಾಳದ ನಡುಗುಡ್ಡಗಳು ಮತ್ತೆ ಹಸಿರಾದದ್ದರಲ್ಲಿ ಈ ಗುಂಪುಗಳ ಪಾಲು ದೊಡ್ಡದು. ಸೊಪ್ಪಿನಬೆಟ್ಟ, ಕಾನು ಎಂದು ಕಾಡಿನ ಜೊತೆ ಬದುಕಿ ಆಮೇಲೆ ಇಲಾಖೆಯೊಡನೆ ಜಗಳದಲ್ಲೇ ಕಾಲ ಕಳೆದ ಮಲೆನಾಡಿನವನಾದ ನನಗೆ ಇದು ಮನಸ್ಸಿಗೆ ನಾಟಿತು.

ಇಲ್ಲಿ ಊಟದ ಹೊತ್ತು ಬೇರೆ. ದಾಲ್ ಭಾತ್ ಬೆಳಿಗ್ಗೆ ಒಂಬತ್ತೂವರೆ ಹತ್ತಕ್ಕೇ ಮುಗಿಯುತ್ತದೆ, ನಡುಹಗಲಲ್ಲಿ ಸಿಗುವುದು ತಿಂಡಿ. ಹಾಗಾಗಿ ಹೊಟ್ಟೆ ತುಂಬ ಉಂಡೇ ಪೇಟೆಗೆ ಹೋದೆವು.

ಊರಿನ ನಡುವೆ ಶೀತಲಪಾಟಿ. ಎಂಟು ಮೂಲೆಯ ಬಿಳಿ ಮಂಟಪ. ಪಾಲ್ಪಾದ ಆಡಳಿತ ನಡೆಸಿದ ಖಡ್ಗ ಶಂಶೇರ್ ರಾಣಾ ಕಟ್ಟಿಸಿದ್ದು. ಢಾಕಾ ಎಂಬ ಚಿತ್ತಾರದ ಬಟ್ಟೆಯ ಟೋಪಿ ಹಾಕಿದ ಹಿರಿಯರು ಬಿಸಿಲಿಗೆ ಬೆನ್ನು ಕೊಟ್ಟು ಪತ್ರಿಕೆ ಓದುತ್ತ ಕೂತಿದ್ದರು. ಎದುರಿಗೆ ದರ್ಬಾರಿನ ಎತ್ತರದ ಹೆಬ್ಬಾಗಿಲು. ಒಳಗಿನ ಪಾಲ್ಪಾ ದರ್ಬಾರನ್ನು 1927ರಲ್ಲಿ ಪ್ರತಾಪ ಶಂಶೇರ್ ಕಟ್ಟಿಸಿದ. ಮುಂದೆ ಅದು ಜಿಲ್ಲೆಯ ಸರ್ಕಾರಿ ಕಚೇರಿಯಾಯಿತು. 2006ರ ಜನವರಿ 31ರ ರಾತ್ರಿ ಮಾವೋವಾದಿಗಳು ಊರಿನ ಮೇಲೆ ದಾಳಿ ಮಾಡಿದಾಗ ದರ್ಬಾರು ಸುಟ್ಟುಹೋಯಿತು, ಜೈಲು ಒಡೆಯಿತು. ಅದೇ ವರ್ಷ ನವೆಂಬರಿನಲ್ಲಿ ಶಾಂತಿ ಒಪ್ಪಂದವಾಯಿತು.

ಮಂಟಪದಲ್ಲಿದ್ದ ಒಬ್ಬ ನಿವೃತ್ತ ಮೇಷ್ಟ್ರು ಆ ರಾತ್ರಿಯನ್ನು ಹೇಳಿದರು. ಬೆಳಗಾಗುವವರೆಗೆ ಮಕ್ಕಳನ್ನು ಒಳಕೋಣೆಯಲ್ಲಿ ನೆಲಕ್ಕೆ ಮಲಗಿಸಿದ್ದು, ಬೆಳಿಗ್ಗೆ ಹೊರಗೆ ಬಂದರೆ ಬೀದಿ ತುಂಬ ಅರೆಸುಟ್ಟ ಕಾಗದಗಳು ಹಾರುತ್ತಿದ್ದದ್ದು. "ಜಮೀನಿನ ದಾಖಲೆ, ಪೌರತ್ವದ ದಾಖಲೆ, ಎಲ್ಲ ಕಾಗದವೂ ಅಲ್ಲೇ ಇತ್ತು. ಗೋಡೆಯನ್ನು ಮತ್ತೆ ಕಟ್ಟಬಹುದು. ಜನ ಕಾಗದಕ್ಕಾಗಿ ವರ್ಷಗಟ್ಟಲೆ ಅಲೆದರು" ಎಂದರು. ದರ್ಬಾರನ್ನು ಹಳೆಯ ರೂಪದಲ್ಲೇ ಮತ್ತೆ ಕಟ್ಟಿದ್ದಾರೆ, ಈಗ ಅದು ವಸ್ತುಸಂಗ್ರಹಾಲಯ. ನಾವು ಕರ್ನಾಟಕದವರೆಂದು ತಿಳಿದ ಕೂಡಲೇ ಮೇಷ್ಟ್ರ ಮುಖ ಅರಳಿತು. "ಪಶುಪತಿನಾಥನ ಪೂಜೆಗೆ ಭಟ್ಟರು ಬರುವುದು ನಿಮ್ಮ ಕಡೆಯಿಂದಲೇ ಅಲ್ಲವೇ?" ಎಂದು ಕೇಳಿ, ಅಕ್ಕಪಕ್ಕದವರಿಗೂ ಅದನ್ನೇ ಹೇಳಿದರು. ಆಮೇಲೆ ಚಹಾಕ್ಕೆ ದುಡ್ಡು ಕೊಡಲು ಬಿಡಲಿಲ್ಲ.

ಮಧ್ಯಾಹ್ನ ನನ್ನಾಕೆ ವಾರ್ಡ್ ಕಚೇರಿ ನೋಡಬೇಕೆಂದಳು. ಗೋಡೆಯ ಮೇಲೆ ದೊಡ್ಡ ಫಲಕ: ಯಾವ ಕೆಲಸಕ್ಕೆ ಯಾವ ಕಾಗದ, ಎಷ್ಟು ಶುಲ್ಕ, ಎಷ್ಟು ದಿನ, ಯಾರನ್ನು ಕಾಣಬೇಕು. ಜನನ, ಮರಣ, ವಲಸೆ, ಮನೆಯ ನಕ್ಷೆ, ಎಲ್ಲಕ್ಕೂ ಮೊದಲು ಬೇಕಾದ್ದು ವಾರ್ಡಿನ ಸಿಫಾರಿಸ್ ಪತ್ರ. ಒಬ್ಬ ಮಹಿಳಾ ಸದಸ್ಯೆ ಒಳಗಿದ್ದರು. ಪಂಚಾಯಿತಿಯಲ್ಲಿದ್ದವಳು ಎಂದು ನನ್ನಾಕೆ ಹೇಳಿಕೊಂಡದ್ದೇ ತಡ, ಇಬ್ಬರೂ ಹಿಂದಿಯಲ್ಲಿ ಮಾತಿಗಿಳಿದರು. ನಾನು ಹೊರಗಿನ ಬೆಂಚಿನಲ್ಲಿ ಕೂತು ಕೇಳಿಸಿಕೊಂಡೆ.

2017ರಿಂದ ನೇಪಾಳದಲ್ಲಿ 753 ಸ್ಥಳೀಯ ಸರ್ಕಾರಗಳಿವೆ. ಪ್ರತಿ ವಾರ್ಡಿಗೆ ಒಬ್ಬ ಅಧ್ಯಕ್ಷ, ನಾಲ್ವರು ಸದಸ್ಯರು. ನಾಲ್ವರಲ್ಲಿ ಇಬ್ಬರು ಹೆಂಗಸರು, ಆ ಇಬ್ಬರಲ್ಲಿ ಒಬ್ಬರು ದಲಿತ ಮಹಿಳೆ ಇರಲೇಬೇಕು. ಮೇಯರ್, ಉಪಮೇಯರ್ ಎರಡೂ ಸ್ಥಾನಕ್ಕೆ ಅಭ್ಯರ್ಥಿ ನಿಲ್ಲಿಸುವ ಪಕ್ಷ ಅದರಲ್ಲಿ ಒಬ್ಬ ಮಹಿಳೆಯನ್ನು ನಿಲ್ಲಿಸಬೇಕು. ನಡೆಯುವುದು ಹೇಗೆಂದರೆ, ಮೇಯರ್ ಗಂಡಸು, ಉಪಮೇಯರ್ ಹೆಂಗಸು. ಆದರೆ ಊರಿನ ನ್ಯಾಯ ಸಮಿತಿಯ ಮುಖ್ಯಸ್ಥರು ಉಪಮೇಯರೇ. ಗದ್ದೆಯ ಬದುವಿನ ಜಗಳ, ಕಾಲುವೆ ನೀರಿನ ಪಾಳಿ, ಕೊಡದೆ ಉಳಿಸಿಕೊಂಡ ಕೂಲಿ, ವಯಸ್ಸಾದ ತಂದೆತಾಯಿಯನ್ನು ನೋಡಿಕೊಳ್ಳದ ಮಕ್ಕಳು, ಇಂಥ ದೂರುಗಳೆಲ್ಲ ಮೊದಲು ಬರುವುದು ಆಕೆಯ ಮುಂದೆ. ನಮ್ಮಲ್ಲಿ ಪಂಚಾಯಿತಿಯ ಅರ್ಧ ಸ್ಥಾನ ಹೆಂಗಸರಿಗಿದೆ, ಆದರೆ ಹೀಗೆ ಕೂತು ವ್ಯಾಜ್ಯ ಬಗೆಹರಿಸುವ ಅಧಿಕಾರ ಕೈಯಲ್ಲಿಲ್ಲ. "ಜನ ನನ್ನ ಹತ್ತಿರ ಬಂದು ಅತ್ತು ಹೋಗುತ್ತಿದ್ದರು, ನಾನು ಪೊಲೀಸ್ ಠಾಣೆಗೆ ಹೋಗಿ ಎನ್ನುತ್ತಿದ್ದೆ" ಎಂದು ರಾತ್ರಿ ನನ್ನಾಕೆ ಹೇಳಿದಳು. ಅದರ ಬಗ್ಗೆಯೇ ಬಹಳ ಹೊತ್ತು ಮಾತಾಡಿದೆವು.

ಶನಿವಾರ: ರಾಣಿಘಾಟ್

ಶನಿವಾರ ನೇಪಾಳದ ವಾರದ ರಜೆ. ಕಚೇರಿ, ಶಾಲೆ ಇರುವುದಿಲ್ಲ. ನಡೆದುಕೊಂಡು ರಾಣಿಘಾಟಿಗೆ ಇಳಿಯಲು ತಕ್ಕ ದಿನ. ಇಳಿಯಲು ಮೂರು ಗಂಟೆ ಸಾಕು, ಹತ್ತುವಾಗ ಅದರ ಒಂದೂವರೆ ಪಟ್ಟು ಬೇಕು. ಆಗದಿದ್ದವರು ಜೀಪ್ ಗೊತ್ತುಮಾಡಿಕೊಂಡು ಹೋಗಬಹುದು.

ದಾರಿಯುದ್ದಕ್ಕೂ ಮೆಟ್ಟಿಲು ಗದ್ದೆ. ಕಿತ್ತ ಶುಂಠಿಯ ರಾಶಿ, ಒಣಹಾಕಿದ ಮುಸುಕಿನ ಜೋಳ. ಶುಂಠಿ ಪಾಲ್ಪಾದ ಮುಖ್ಯ ದುಡ್ಡಿನ ಬೆಳೆ. ಈ ಸಲದ ದರ ಕೇಳಿದರೆ ಒಬ್ಬ ಅಜ್ಜಿ ಕೈ ಅಲ್ಲಾಡಿಸಿ ಗುಡ್ಡದ ಕೆಳಗಿನ ವ್ಯಾಪಾರಿಗಳಿಗೆ ಶಾಪ ಹಾಕಿದರು. ಹಾಸನ ಸೀಮೆಯ ಶುಂಠಿ ಬೆಳೆಗಾರನಿಗೆ ಆ ಮಾತಿಗೆ ತರ್ಜುಮೆ ಬೇಕಿಲ್ಲ.

ನಡುವೆ ಒಂದು ಚಹಾ ಗುಡಿಸಲಿನಲ್ಲಿ ಬಟುಕ್ ಕರಿಯುತ್ತಿದ್ದರು. ಉದ್ದನ್ನು ರುಬ್ಬಿ, ನಡುವೆ ತೂತು ಮಾಡಿ ಎಣ್ಣೆಗೆ ಬಿಡುವ ಮಗರ್ ಸಮುದಾಯದ ತಿನಿಸು. ನೋಡಲು ಉದ್ದಿನವಡೆಯೇ, ತಿಂದರೆ ಇನ್ನೂ ಗಟ್ಟಿ. ಒಲೆಯ ಮೇಲೆ ಢಿಂಡೋ ಕೂಡ ಬೇಯುತ್ತಿತ್ತು. ಕೋದೋ ಹಿಟ್ಟಿನದು. ಕೋದೋ ಎಂದರೆ ನಮ್ಮ ರಾಗಿಯೇ. ಸೌಟಿನಿಂದ ತಿರುವುವ ರೀತಿ, ತುಂಡು ಮುರಿದು ಸಾರಿನಲ್ಲಿ ಅದ್ದಿ ಅಗಿಯದೆ ನುಂಗುವ ರೀತಿ ಎರಡನ್ನೂ ನೋಡಿ ನಾವು ಮುಖ ಮುಖ ನೋಡಿಕೊಂಡೆವು. ನಾನು ನುಂಗಿದ್ದನ್ನು ಕಂಡು ಗುಡಿಸಲಿನಾಕೆ, "ದಾಜು (ಅಣ್ಣ), ನಿಮಗೆ ಯಾರು ಕಲಿಸಿದರು?" ಎಂದು ಕೇಳಿದರು.

ಕಾಳಿ ಗಂಡಕಿಯ ದಡದಲ್ಲಿ ಬಂಡೆಯ ಮೇಲೆ ನಿಂತಿದೆ ರಾಣಿಘಾಟ್ ಅರಮನೆ. ಖಡ್ಗ ಶಂಶೇರ್ ಕಠ್ಮಂಡುವಿನಲ್ಲಿ ಅಣ್ಣ ಬೀರ್ ಶಂಶೇರ್ ಜೊತೆಗಿನ ಅಧಿಕಾರದ ಪೈಪೋಟಿಯಲ್ಲಿ ಸೋತು 1887ರಲ್ಲಿ ಪಾಲ್ಪಾಕ್ಕೆ ಬಂದವನು. ಇಲ್ಲಿ ಹೆಂಡತಿ ತೇಜಕುಮಾರಿ ತೀರಿಕೊಂಡಳು. ಅವಳ ನೆನಪಿಗೆ 1893ರಲ್ಲಿ ಇದನ್ನು ಕಟ್ಟಿಸಲು ಶುರುಮಾಡಿದ. ರಸ್ತೆಯೇ ಇಲ್ಲದ ಕಮರಿಗೆ ಸಾಮಾನು ಹೊತ್ತು ಇಳಿದ ಜನರನ್ನು ನೆನೆದರೆ ಗೋಡೆಯ ಅಂದಕ್ಕಿಂತ ಅವರ ಭುಜಗಳೇ ಕಣ್ಣ ಮುಂದೆ ಬರುತ್ತವೆ. ಹೊಳೆಗೆ ಅಡ್ಡಲಾಗಿ ಉದ್ದನೆಯ ತೂಗುಸೇತುವೆಯಿದೆ, ದಾಟಿದರೆ ಸ್ಯಾಂಗ್ಜಾ ಜಿಲ್ಲೆ. ಅದರ ನಡುವೆ ನಿಂತು ನೋಡಿದಾಗಲೇ ಅರಮನೆ ಪೂರ್ತಿ ಕಾಣುವುದು. ಒಳಗೆ ಅನೇಕ ಕೋಣೆಗಳು ಬರಿದು, ಗೋಡೆಗಳ ಮೇಲೆ ಪ್ರೇಮಿಗಳ ಹೆಸರುಗಳು. ರಜೆಯ ಗದ್ದಲ ಬೇಡವೆನಿಸಿದವರು ಬೇರೆ ದಿನ ಬನ್ನಿ.

ವಾಪಸು ಹತ್ತುವಾಗ ಸಡಿಲ ಕಲ್ಲಿನ ಮೇಲೆ ನನ್ನಾಕೆಯ ಕಾಲು ಹೊರಳಿತು. ನೋಡನೋಡುತ್ತಿದ್ದಂತೆ ಕಣಕಾಲು ಊದಿತು. ಹಿಂದೆ ಬರುತ್ತಿದ್ದ ಕಾಲೇಜು ಹುಡುಗಿಯರ ಗುಂಪೊಂದು ತಮ್ಮ ಶಾಲನ್ನೇ ಬಿಗಿಯಾಗಿ ಸುತ್ತಿ ಕಟ್ಟಿತು. ಒಬ್ಬಳು ಫೋನು ಮಾಡಿ ಪರಿಚಯದ ಜೀಪನ್ನು ಕರೆಸಿದಳು. ಜೀಪು ಬರುವವರೆಗೆ ಐದೂ ಜನ ನಮ್ಮ ಜೊತೆಗೇ ಕೂತಿದ್ದರು. ಅವರಿಲ್ಲದಿದ್ದರೆ ಕತ್ತಲಾಗುವ ಮೊದಲು ನಾವು ಊರು ಸೇರುತ್ತಿರಲಿಲ್ಲ.

ಭಾನುವಾರ: ಆಸ್ಪತ್ರೆ

ಬೆಳಿಗ್ಗೆ ಎದ್ದಾಗ ಭಾನುವಾರ, ಡಾಕ್ಟರು ಸಿಗುತ್ತಾರೋ ಇಲ್ಲವೋ ಎಂಬ ಚಿಂತೆ ನನಗೆ. ದೀದಿ ಸಮಾಧಾನ ಹೇಳಿದರು: ಇಲ್ಲಿ ಭಾನುವಾರ ಎಂದರೆ ಕೆಲಸದ ದಿನ. ಕ್ರೈಸ್ತ ಮಿಷನ್ ಕಟ್ಟಿದ ಆಸ್ಪತ್ರೆಯಾದರೂ ಹಾಗೆಯೇ. ನೇಪಾಳದ ಕ್ರೈಸ್ತರು ಪ್ರಾರ್ಥನೆಗೆ ಸೇರುವುದೇ ಶನಿವಾರ.

ಊರಿನ ಒಂದು ಪಕ್ಕದ ಇಳಿಜಾರಿನಲ್ಲಿ ಯುನೈಟೆಡ್ ಮಿಷನ್ ಆಸ್ಪತ್ರೆ. ಇದರ ಹುಟ್ಟಿನ ಕಥೆಯನ್ನು ಹೇಳದೆ ತಾನ್ಸೇನ್ ಬಗ್ಗೆ ಬರೆಯಬಾರದು. ಮಸ್ಸೂರಿಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಅಮೆರಿಕದ ಪಕ್ಷಿಶಾಸ್ತ್ರಜ್ಞ ರಾಬರ್ಟ್ ಫ್ಲೆಮಿಂಗ್ 1949ರಲ್ಲಿ ಹಕ್ಕಿಗಳ ಅಧ್ಯಯನಕ್ಕೆಂದು ಈ ಗುಡ್ಡಗಳಿಗೆ ಬಂದ. ಆಗಿನ್ನೂ ನೇಪಾಳ ಹೊರಗಿನವರಿಗೆ ಬಾಗಿಲು ತೆರೆದಿರಲಿಲ್ಲ. ಅವನ ಹೆಂಡತಿ ಬೆಥೆಲ್ ವೈದ್ಯೆ. ಮುಂದಿನ ಒಂದು ಪ್ರವಾಸದಲ್ಲಿ ಹಕ್ಕಿ ಹುಡುಕುವವರ ಜೊತೆ ವೈದ್ಯರೂ ಬಂದು ತಾನ್ಸೇನ್‌ನಲ್ಲಿ ರೋಗಿಗಳನ್ನು ನೋಡಿದರು. ಬಂದ ಜನರ ಸಾಲು ಕಂಡು, ಇಲ್ಲೊಂದು ಆಸ್ಪತ್ರೆ ತೆರೆಯಲು ಅನುಮತಿ ಕೇಳಿದರು. 1954ರಲ್ಲಿ ಡಾಕ್ಟರ್ ಕಾರ್ಲ್ ಫ್ರೆಡ್ರಿಕ್ಸ್ ಕೈಯಲ್ಲಿ ಕೆಲಸ ಶುರುವಾಯಿತು. ಈಗ ನೂರೈವತ್ತಕ್ಕೂ ಹೆಚ್ಚು ಹಾಸಿಗೆಗಳಿವೆ.

ನಾವು ಹೋದಾಗ ಚೀಟಿ ಮಾಡಿಸುವ ಸಾಲು ಅಂಗಳದವರೆಗೆ ಬಂದಿತ್ತು. ಬಿದಿರಿನ ಬುಟ್ಟಿಯಲ್ಲಿ ಕೂರಿಸಿ, ಹಣೆಗೆ ಪಟ್ಟಿ ಹಾಕಿಕೊಂಡು ತಂದೆಯನ್ನು ಬೆನ್ನ ಮೇಲೆ ಹೊತ್ತು ತಂದಿದ್ದ ಮಗನೊಬ್ಬ ನಮ್ಮ ಮುಂದಿದ್ದ. ಜೀಪು ಬರುವ ರಸ್ತೆಯವರೆಗೆ ಅವನು ಹೀಗೇ ನಡೆದು ಬಂದಿದ್ದನಂತೆ. ಪಾಲ್ಪಾದವರು ಮಾತ್ರ ಅಲ್ಲ, ಗುಲ್ಮಿ, ಅರ್ಘಾಖಾಂಚಿ, ಸ್ಯಾಂಗ್ಜಾ ಕಡೆಯವರೂ ಸಾಲಿನಲ್ಲಿದ್ದರು. ಎಕ್ಸ್‌ರೇ ಆಯಿತು. ಮೂಳೆ ಮುರಿದಿಲ್ಲ, ನರ ಎಳೆದಿದೆ ಎಂದು ನೇಪಾಳದವಳೇ ಆದ ಯುವ ವೈದ್ಯೆ ಬ್ಯಾಂಡೇಜು ಸುತ್ತಿದಳು. ಎರಡು ದಿನ ನಡೆಯಬೇಡಿ ಎಂದಳು.

ಔಷಧಿಗೆ ಕಾಯುತ್ತಿದ್ದಾಗ "ಸಾರ್!" ಎಂಬ ಕೂಗು. ಬಸ್ಸಿನ ಬೇಕರಿ ಹುಡುಗ. ಅಮ್ಮನಿಗೆ ಆಪರೇಷನ್ ಆಗಿತ್ತು. ಅವನೀಗ ಅಮ್ಮನ ಕುರುವಾ. ಇಲ್ಲಿ ಪ್ರತಿ ರೋಗಿಗೂ ಒಬ್ಬ ಕುರುವಾ ಇರಬೇಕು. ಊಟ ತರುವುದು, ಔಷಧಿ ತರುವುದು, ರಾತ್ರಿ ಪಕ್ಕದಲ್ಲಿ ಮಲಗುವುದು, ರಕ್ತ ಬೇಕೆಂದರೆ ಓಡಾಡುವುದು ಎಲ್ಲ ಅವರದೇ. ನಮ್ಮ ಜಿಲ್ಲಾಸ್ಪತ್ರೆಗಳಲ್ಲೂ ಜೊತೆಗಿರುವವರು ಇದನ್ನೆಲ್ಲ ಮಾಡುತ್ತಾರೆ, ಆದರೆ ಅವರನ್ನು ಗದ್ದಲವೆಂದು ಓಡಿಸುವುದೇ ಹೆಚ್ಚು. ಮಕ್ಕಳು ಹೊರದೇಶದಲ್ಲಿರುವ ಮನೆಗಳ ಕಥೆ ಏನು ಎಂದು ಕೇಳಿದೆ. "ಪಕ್ಕದ ಮನೆಯವರು ಬರ್ತಾರೆ ಸಾರ್. ನಾನು ಬರೋವರೆಗೂ ಅಮ್ಮನ ಜೊತೆ ನಮ್ಮ ಆಮಾ ಸಮೂಹದವರು ಪಾಳಿ ಹಾಕಿಕೊಂಡಿದ್ದರು."

ಆಮಾ ಸಮೂಹ ಎಂದರೆ ತಾಯಂದಿರ ಸಂಘ. ದಾರಿ ಕಟ್ಟುವುದು, ತಿಂಗಳ ಉಳಿತಾಯ ಸೇರಿಸುವುದು, ಕುಡುಕರ ಕಾಟ ನಿಲ್ಲಿಸುವುದು, ಹೀಗೆ ಹಳ್ಳಿಯ ಎಷ್ಟೋ ಕೆಲಸ ಅವರ ಹೆಗಲ ಮೇಲೆ. ಜೊತೆಗೆ 1988ರಿಂದ ಹಳ್ಳಿ ಹಳ್ಳಿಯಲ್ಲೂ ಮಹಿಳಾ ಆರೋಗ್ಯ ಸ್ವಯಂಸೇವಿಕೆಯರಿದ್ದಾರೆ. ಸಂಬಳವಿಲ್ಲ. ಮಕ್ಕಳಿಗೆ ವಿಟಮಿನ್ ಎ ಹಾಕುವವರು, ಬಸುರಿಯರನ್ನು ತಪಾಸಣೆಗೆ ಕಳಿಸುವವರು ಅವರೇ. ಹುಡುಗನ ಅಮ್ಮನನ್ನು ಆಸ್ಪತ್ರೆಗೆ ಹೊರಡಿಸಿದವಳೂ ಅಂಥ ಒಬ್ಬಾಕೆ. ಸರ್ಕಾರದ ವಿಮೆ ಮಾಡಿಸಿದ್ದರಿಂದ ಖರ್ಚು ಹಗುರವಾಗಿತ್ತು: ಐವರ ಕುಟುಂಬ ವರ್ಷಕ್ಕೆ 3,500 ನೇಪಾಳಿ ರೂಪಾಯಿ ಕಟ್ಟಿದರೆ ಆಗ 1 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತಿತ್ತು. ನನ್ನಾಕೆ ಹಾಸಿಗೆಯ ಹತ್ತಿರ ಕುಂಟುತ್ತ ಹೋಗಿ ಅವನ ಅಮ್ಮನ ಕೈ ಹಿಡಿದುಕೊಂಡು ಕೂತಳು. ಒಬ್ಬರ ಭಾಷೆ ಒಬ್ಬರಿಗೆ ಬಾರದು. ಮಗ ನಡುವೆ ನಿಂತು ಕನ್ನಡಕ್ಕೂ ನೇಪಾಳಿಗೂ ದಾಟಿಸುತ್ತಿದ್ದ. ಬೆಂಗಳೂರಿನಲ್ಲಿ ಮಗ ಸರಿಯಾಗಿ ಉಣ್ಣುತ್ತಾನಾ ಎಂಬುದು ತಾಯಿಯ ಮೊದಲ ಪ್ರಶ್ನೆ.

ಸೋಮವಾರ: ಮಗ್ಗ ಮತ್ತು ಕರುವಾ

ನನ್ನಾಕೆ ಲಾಡ್ಜಿನ ಬಿಸಿಲುಮಚ್ಚಿನಲ್ಲಿ ಕಾಲು ಚಾಚಿ ಕೂತಳು. ನಾನು ಒಬ್ಬನೇ ಹೊರಟೆ. ಮೊದಲು ಅಮರ ನಾರಾಯಣ ಗುಡಿ. ಹಿಂದೆ ನೇಪಾಳದ ಪ್ರಧಾನಿಯಾಗಿದ್ದ ಭೀಮಸೇನ ಥಾಪಾನ ತಂದೆ ಅಮರಸಿಂಹ ಥಾಪಾ ಇಲ್ಲಿ ಆಡಳಿತಗಾರನಾಗಿದ್ದಾಗ ಕಟ್ಟಿಸಿದ ಮೂರು ಮಾಡಿನ ಗುಡಿ. ಮರದ ಕೆತ್ತನೆ ಸೊಗಸು. ಪಕ್ಕದ ಕಲ್ಲಿನ ಧಾರೆಗಳ ಬಳಿ ಕೊಡಗಳ ಸಾಲು. ಗುಡ್ಡದ ಮೇಲಿನ ಈ ಊರಿಗೆ ನೀರೇ ದೊಡ್ಡ ಕೊರತೆ. ಕೆಳಗಿನ ಕಣಿವೆಯಿಂದ ಪಂಪು ಮಾಡಿ ಹತ್ತಿಸಬೇಕು, ನಲ್ಲಿ ಬರುವುದು ಪಾಳಿಯಲ್ಲಿ. ಲಾಡ್ಜಿನಲ್ಲಿ ಬಕೆಟ್ ನೀರು ಕೊಟ್ಟರೆ ಅದರಲ್ಲೇ ಸ್ನಾನ ಮುಗಿಸುವುದು ಬಂದವರ ಮರ್ಯಾದೆ.

ಢಾಕಾ ನೇಯುವ ಕಡೆ ಹೆಂಗಸರೇ ಮಗ್ಗದ ಮುಂದೆ. ಕೆಂಪು, ಕಪ್ಪು, ಹಳದಿ ನೂಲಿನಲ್ಲಿ ಗೋಪುರದಂಥ ಚಿತ್ತಾರಗಳು ಎಳೆ ಎಳೆಯಾಗಿ ಮೇಲೇಳುತ್ತವೆ. ರಾಜ ಮಹೇಂದ್ರರ ಕಾಲದಲ್ಲಿ ಪಾಸ್‌ಪೋರ್ಟಿನಂಥ ಸರ್ಕಾರಿ ಫೋಟೋಗಳಿಗೆ ಢಾಕಾ ಟೋಪಿ ಕಡ್ಡಾಯವಾಯಿತು. ಅದೇ ಹೊತ್ತಿಗೆ ಪಾಲ್ಪಾದಲ್ಲಿ ಗಣೇಶಮಾನ್ ಮಹರ್ಜನ್ ಅವರಂಥವರು ಮಗ್ಗ ಹೂಡಿ ಪಾಲ್ಪಾಲಿ ಢಾಕಾ ಎಂಬ ಹೆಸರು ನಿಲ್ಲಿಸಿದರು. ಪೇಟೆಯಲ್ಲಿ ಯಂತ್ರದಲ್ಲಿ ಅಚ್ಚು ಹಾಕಿದ ಅಗ್ಗದ ಬಟ್ಟೆಯೂ ಢಾಕಾ ಎಂದೇ ಮಾರಾಟವಾಗುತ್ತದೆ. ಬಟ್ಟೆಯನ್ನು ತಿರುವಿ ನೋಡಿ. ಕೈಮಗ್ಗದ್ದಾದರೆ ಹಿಂಬದಿಯಲ್ಲಿ ನೂಲಿನ ಎಳೆಗಳು ಕಾಣುತ್ತವೆ. ದುಬಾರಿಯಾದರೂ ಅದನ್ನೇ ಕೊಳ್ಳಿ ಎಂದು ನಾನು ಒತ್ತಿ ಹೇಳುತ್ತೇನೆ. ನೇಯುವಾಕೆಗೆ ಕೂಲಿ ಸಿಗುವುದು ಗಜದ ಲೆಕ್ಕದಲ್ಲಿ.

ಟಕ್ಸಾರ್ ಕೇರಿಯಲ್ಲಿ ಕರುವಾ ಎರಕ ಹೊಯ್ಯುವ ಮನೆಗಳಿವೆ. ಕರುವಾ ಎಂದರೆ ದಪ್ಪ ಹೊಟ್ಟೆ, ಬಾಗಿದ ಕೊಳವೆಯ ನೀರಿನ ಪಾತ್ರೆ. ತುಟಿ ತಾಗಿಸದೆ ಮೇಲಿನಿಂದ ಕುಡಿಯಬೇಕು. ಮಣ್ಣಿನ ಅಚ್ಚು, ಕುಲುಮೆ, ಆಮೇಲೆ ಗಂಟೆಗಟ್ಟಲೆ ಉಜ್ಜುವ ಕೆಲಸ. ಮುದುಕ ಎರಕದವರ ಇಬ್ಬರು ಮಕ್ಕಳೂ ಊರು ಬಿಟ್ಟಿದ್ದಾರೆ. ನಾನು ಚಿಕ್ಕದೊಂದನ್ನು ಕೊಂಡೆ. ಅದರ ತೂಕ ನೋಡಿ ನನ್ನಾಕೆ, "ಇದನ್ನು ಸಕಲೇಶಪುರದವರೆಗೂ ನೀವೇ ಹೊರಬೇಕು" ಎಂದಳು.

ಮಂಗಳವಾರ: ಮದನಪೋಖರಾ

ಕೊನೆಯ ದಿನ ಟ್ಯಾಕ್ಸಿ ಮಾಡಿಕೊಂಡು ಮದನಪೋಖರಾಕ್ಕೆ ಹೋದೆವು. ಈ ಹಳ್ಳಿಯ ಹೆಸರನ್ನು ನಾನು ಎರಡು ಕಾರಣಕ್ಕೆ ಬರೆದಿಟ್ಟುಕೊಂಡಿದ್ದೆ: ರೇಡಿಯೋ ಮತ್ತು ಕಾಫಿ.

ದಕ್ಷಿಣ ಏಷ್ಯಾದ ಮೊದಲ ಸ್ವತಂತ್ರ ಸಮುದಾಯ ರೇಡಿಯೋ ಶುರುವಾದದ್ದು ಕಠ್ಮಂಡುವಿನಲ್ಲಿ, 1997ರಲ್ಲಿ. ಅದಾದ ಕೆಲವೇ ವರ್ಷಕ್ಕೆ ಮದನಪೋಖರಾದ ಗ್ರಾಮ ಸಮಿತಿ ತನ್ನದೇ ಬಾನುಲಿ ತೆರೆಯಿತು. ಊರೇ ರೇಡಿಯೋದ ಒಡೆಯ. ಟ್ಯಾಕ್ಸಿಯಲ್ಲಿ ಅದೇ ಹಾಡುತ್ತಿತ್ತು. ನಡುವೆ ಶುಂಠಿಯ ದರ, ಲಸಿಕೆಯ ದಿನಾಂಕ, ಕಳೆದುಹೋದ ಎಮ್ಮೆಯ ಸುದ್ದಿ ಬಂದವು. ಚಾಲಕ ಒಂದೊಂದನ್ನೂ ಹಿಂದಿಯಲ್ಲಿ ಹೇಳುತ್ತ ಹೋದ. ಎಮ್ಮೆಯ ಒಡೆಯ ಅವನಿಗೆ ಗೊತ್ತಿದ್ದವನೇ.

ಕಾಫಿ ಈ ಕಡೆಗೆ ಬಂದದ್ದು ನೆರೆಯ ಗುಲ್ಮಿಯ ಆಪ್‌ಚೌರ್‌ನಿಂದ. ಹೀರಾ ಗಿರಿ ಎಂಬ ಸಾಧು 1938ರಲ್ಲಿ ಬರ್ಮಾದಿಂದ ಬೀಜ ತಂದು ಅಲ್ಲಿ ನೆಟ್ಟರಂತೆ. ಈಗ ಮನೆಮನೆಯ ಹಿತ್ತಲಲ್ಲಿ, ಬಾಳೆ ಕಿತ್ತಳೆಗಳ ನೆರಳಲ್ಲಿ, ಐವತ್ತು ನೂರು ಅರೇಬಿಕಾ ಗಿಡ. ನಾವು ನಿಂತ ಮನೆಯಾಕೆಯ ಗಂಡ ಮಲೇಶಿಯಾದಲ್ಲಿದ್ದ. ಗಿಡ, ಆಡು, ಇಬ್ಬರು ಮಕ್ಕಳು, ಅತ್ತೆ, ಸಹಕಾರಿ ಸಂಘದ ಲೆಕ್ಕ, ಎಲ್ಲವೂ ಇವರ ತಲೆಯ ಮೇಲೆ. ಹಣ್ಣು ಕೆಂಪಾಗತೊಡಗಿತ್ತು. ಹಣ್ಣನ್ನೇ ಸಂಘಕ್ಕೆ ಹಾಕುತ್ತಾರೆ, ಪಲ್ಪಿಂಗ್ ಅಲ್ಲೇ ಆಗುತ್ತದೆ.

ಸಾಲಿನ ನಡುವೆ ನಡೆಯುತ್ತಿದ್ದಾಗ ಒಂದು ಗಿಡದ ಎಲೆ ಹಳದಿಗಟ್ಟಿ ಜೋತುಬಿದ್ದಿರುವುದು ಕಂಡಿತು. ಕಾಂಡದ ಮೇಲೆ ಕೈ ಸವರಿದೆ, ತೊಗಟೆಯಡಿ ಉಬ್ಬಿದ ಗೆರೆಗಳು. ಬಿಳಿ ಕಾಂಡಕೊರಕ. ನಮ್ಮ ಅರೇಬಿಕಾ ತೋಟಗಳನ್ನು ತಿಂದುಹಾಕಿದ ಅದೇ ಹುಳ. "ಹೌದು ದಾಜು, ಹೋದ ವರ್ಷ ಹದಿನೇಳು ಗಿಡ ಹೋಯಿತು" ಎಂದರು. ಔಷಧಿ ಹೊಡೆಯುವುದಿಲ್ಲ, ಸಾವಯವ ಎಂದೇ ಸಂಘ ಮಾರುವುದು. ನಾನು ಕೂತು ನಮ್ಮಲ್ಲಿ ಮಾಡುವುದನ್ನು ಹೇಳಿದೆ: ಹುಳ ಹಾರುವ ಕಾಲಕ್ಕೆ ಮುಂಚೆ ವರ್ಷಕ್ಕೆರಡು ಸಲ ಗಿಡಗಿಡವನ್ನೂ ಪರೀಕ್ಷಿಸುವುದು, ತಗುಲಿದ್ದನ್ನು ಬುಡಸಮೇತ ಕಿತ್ತು ಅಂದೇ ಸುಡುವುದು, ಕಾಂಡದ ಸಡಿಲ ತೊಗಟೆಯನ್ನು ಗೋಣಿಯಿಂದ ಉಜ್ಜಿ ನುಣುಪು ಮಾಡುವುದು, ಸುಣ್ಣದ ತಿಳಿ ಬಳಿಯುವುದು, ಬಿಸಿಲು ಬೀಳದಂತೆ ನೆರಳು ಕಾಯುವುದು. ಮಗಳು ಶಾಲೆಯ ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ನಾವು ಅಲ್ಲೇ ನಾಲ್ಕು ಗಿಡ ಕಿತ್ತೆವು. ಸೀಳಿ ನೋಡಿದಾಗ ಒಂದರಲ್ಲಿ ದಪ್ಪ ಹುಳ ಸಿಕ್ಕಿತು, ಅತ್ತೆ ಅದನ್ನು ಕೋಳಿಗೆ ಹಾಕಿದರು. ಅಷ್ಟರಲ್ಲಿ ನನ್ನಾಕೆ ಜಗಲಿಯಲ್ಲಿ ಕೂತು ಸಂಘದ ಉಳಿತಾಯದ ಬಡ್ಡಿ ದರ ಕೇಳಿ ಮುಗಿಸಿದ್ದಳು.

ಸಂಜೆ ಬುಟ್ವಲ್‌ಗೆ ಇಳಿದೆವು, ಸಿದ್ಧಬಾಬಾ ದಾರಿ ಆವತ್ತು ತೆರೆದಿತ್ತು. ಗಡಿ ದಾಟಿ ಊರು ಸೇರಿದ ಮೇಲೆ ಒಂದು ದಿನ ಮದನಪೋಖರಾದ ಆ ಮನೆಯಿಂದ ವಾಟ್ಸಾಪ್‌ನಲ್ಲಿ ಫೋಟೋ ಬಂತು. ಸುಣ್ಣ ಬಳಿದ ಗಿಡಗಳ ಸಾಲು, ಕೆಳಗೆ ಮಗಳು ಹಿಂದಿಯಲ್ಲಿ ಬರೆದ ಪ್ರಶ್ನೆ: ಮಳೆಗಾಲ ಕಳೆದ ಮೇಲೆ ಮತ್ತೊಮ್ಮೆ ಬಳಿಯಬೇಕೇ? ಬಳಿಯಬೇಕು, ಅದಕ್ಕೆ ಮೊದಲು ಮತ್ತೆ ಕಾಂಡ ಉಜ್ಜಬೇಕು, ಪಕ್ಕದ ಮನೆಯವರೂ ಒಟ್ಟಿಗೇ ಮಾಡಿದರೆ ಮಾತ್ರ ಹುಳ ಹತೋಟಿಗೆ ಬರುತ್ತದೆ ಎಂದು ಉತ್ತರ ಕಳಿಸಿದೆ. ಅದನ್ನು ರೇಡಿಯೋದವರಿಗೆ ಕೊಡುತ್ತೇನೆ ಎಂದಳು.